ಒಂಬತ್ತು ನಲವತ್ತಕ್ಕೆ ಯಾರು?

ಭತ್ತ ಬೇಯುವ ವಾಸನೆ!

ಚಿಕ್ಕವಳಿದ್ದಾಗ ಶಾಂಭವಿ ಗೆಳತಿಯರೊಡನೆ ಪಂದ್ಯ ಕಟ್ಟುತ್ತಿದ್ದಳು, ಶಾಲೆಯಿಂದ ಕಣ್ಣು ಮುಚ್ಚಿಕೊಂಡೇ ಮನೆ ಸೇರುತ್ತೇನೆ ಅಂತ. ಸಿರುಗುಪ್ಪದ ರೈಸ್ ಮಿಲ್ಲಿನ ಹಬೆ ಮೂಗಿಗೆ ಬಡಿದ ಕೂಡಲೇ ಎಡಕ್ಕೆ ತಿರುಗಬೇಕು, ಅಷ್ಟೇ. ಬಿಸಿ ಬಿಸಿ, ತುಸು ಹುಳಿ, ಒದ್ದೆ ಗೋಣಿಚೀಲದ್ದೂ ಸ್ವಲ್ಪ...

ಇವತ್ತು ಬಾಗಿಲು ತೆರೆದಾಗ ಅದೇ ವಾಸನೆ ಅಪರಿಚಿತನೊಬ್ಬನ ಅಂಗಿಯಿಂದ ಬಂತು.

"ಮೂರು ದಿನ ಆತ್ರಿ ಕಂಪ್ಲೇಂಟ್ ಕೊಟ್ಟು! ಈಗ ಬರ್ತೀರೇನು?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು.

"ಮಿಲ್ಲಿನ್ಯಾಗ ಲೈನ್ ಹೋಗಿತ್ರಿ, ಅಲ್ಲಿಂದನ ಬಂದೆ. ತಪ್ಪಾತು." ಇಂಟರ್ನೆಟ್ ಆಫೀಸಿನ ಆ ಮನುಷ್ಯ ತಲೆ ತಗ್ಗಿಸಿದ. "ನಾನು ಚನ್ನಬಸವರಾಜ, ಕುರುಗೋಡಿನವ. ಕಾಲು ಮಣ್ಣಾಗ್ಯಾವ... ತೊಳ್ಕೊಂಡು ಬರ್ಲೇನ್ರಿ?"

ಜಗಳಕ್ಕೆ ಸಜ್ಜಾಗಿ ನಿಂತಿದ್ದವಳು ಬಚ್ಚಲಿನ ಕಡೆ ಕೈ ತೋರಿಸಿದಳು.

ಶಾಂಭವಿಯ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದಲ್ಲ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕಿವಿ ಕೇಳದ ಮೂವರು ಹುಡುಗಿಯರಿದ್ದರು. ಮೇಷ್ಟ್ರು ಪಾಠ ಮಾಡಿದರೆ ಇವಳು ಇಲ್ಲಿ ಮನೆಯಲ್ಲಿ ಕೂತು ಕೇಳಿಸಿಕೊಂಡು, ಮಾತಿನಷ್ಟೇ ವೇಗವಾಗಿ ಟೈಪ್ ಮಾಡುತ್ತಿದ್ದಳು. ಅಲ್ಲಿ ಅವರ ಮೊಬೈಲಿನಲ್ಲಿ ಅಕ್ಷರಗಳು ಮೂಡುತ್ತಿದ್ದವು. ಇಂಟರ್ನೆಟ್ ನಿಂತರೆ ಆ ಮೂವರಿಗೆ ಪಾಠವೂ ನಿಂತಂತೆ. ಆಗಲೇ ಎರಡು ಸಲ ನಿಂತಿತ್ತು. ಮೂರನೇ ಸಲ ಆದರೆ ಈ ಏರ್ಪಾಟನ್ನೇ ಕೈಬಿಡುತ್ತೇವೆ ಎಂದು ಕಾಲೇಜಿನವರು ಬರೆದಿದ್ದರು.

ಇದನ್ನೆಲ್ಲ ಕೇಳಿದ ಚನ್ನಬಸವರಾಜ ರೂಟರಿನ ಮುಂದೆ ಕುಳಿತ. ತುಸು ಹೊತ್ತಿನ ಮೇಲೆ ಅವನ ಹುಬ್ಬು ಮೇಲೇರಿತು.

"ಮನಿಯಾಗ ಎಷ್ಟು ಮಂದಿ ಅದೀರಿ?"

"ನಾನು, ನಮ್ಮವ್ವ. ಇಬ್ರ."

"ಹತ್ತೊಂಬತ್ತು ಫೋನು ಕನೆಕ್ಟ್ ಆಗ್ಯಾವಲ್ರಿ!"

ಒಳಗಿನಿಂದ ತಾಯಿ ವೀರಭದ್ರಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. ಬಾಗಿಲ ಹಿಂದೆ ಸೀಮೆಸುಣ್ಣದಿಂದ ದೊಡ್ಡದಾಗಿ ವೈಫೈ ಪಾಸ್‌ವರ್ಡ್ ಬರೆದವರು ಅವರೇ.

"ನೀರು ಕೇಳಿದೋರಿಗೆ ಇಲ್ಲ ಅಂತೀವೇನಪ್ಪ? ಇದೂ ಹಂಗ ಅಲ್ಲೇನು? ಹೂವಿನ ರಾಧಾ ಕೇಳಿದ್ಲು, ಕೊಟ್ಟೆ. ಎದುರಮನಿ ತಿಪ್ಪೇರುದ್ರಪ್ಪ ಕೇಳಿದ, ಕೊಟ್ಟೆ. ಪಾಪ, ಬಸ್ಸಿಗೆ ಕಾಯೋರೂ ಕೇಳ್ತಾರ..."

"ಯವ್ವಾ!" ಶಾಂಭವಿ ಹಣೆ ಚಚ್ಚಿಕೊಂಡಳು.

ಅವನು ನಗಲಿಲ್ಲ. "ಕೊಡ್ರಿ ಅಮ್ಮಾ, ಕೊಡಬ್ಯಾಡ ಅನ್ನಂಗಿಲ್ಲ. ಬಂದೋರಿಗೆ ಬ್ಯಾರೆ ಒಂದು ವೈಫೈ ಮಾಡಿಕೊಡ್ತೀನಿ. ಅದರಾಗ ಎಷ್ಟು ಮಂದಿ ಬಂದ್ರೂ ಮಗಳ ಕೆಲಸಕ್ಕ ತೊಂದ್ರಿ ಆಗಂಗಿಲ್ಲ." ಅದಕ್ಕೆ 'ವೀರಭದ್ರಮ್ಮನ ಮನಿ' ಎಂದೇ ಹೆಸರಿಟ್ಟ. ಮುದುಕಿ ಅದನ್ನು ಎರಡು ಸಲ ಓದಿಕೊಂಡರು.

ಯಾರನ್ನೂ ಸಣ್ಣವರನ್ನಾಗಿ ಮಾಡದೆ ಕೆಲಸ ಮುಗಿಸಿದನಲ್ಲ... ಯಾರಪ್ಪ ಇವನು?

"ಈ ಫೈರ್‌ವಾಲ್ ಅಂದ್ರೇನ್ರಿ?" ಅವನ ಪರದೆಯ ಮೇಲಿದ್ದ ಪದವನ್ನು ತೋರಿಸಿ ಕೇಳಿಯೇಬಿಟ್ಟಳು.

"ಕಾವಲು ಇದ್ದಂಗ್ರಿ. ನೀವು ಇಲ್ಲಿಂದ ಏನರ ಕೇಳಿದ್ರ ಅದರ ಉತ್ತರ ಒಳಗ ಬಿಡತೈತಿ. ಕೇಳದ ಬಂದಿದ್ದನ್ನ ಅಲ್ಲೇ ನಿಲ್ಲಸತೈತಿ."

ಅವತ್ತಿನಿಂದ ಶುರುವಾಯಿತು ನೋಡಿ, ಅವಳ ಪ್ರಶ್ನೆಗಳ ಸಾಲು! ಆ ಅಂಕಿ ಏನು? ಈ ದೀಪ ಯಾಕೆ ಮಿಣುಕುತ್ತದೆ? ಅವನು ಫೋನಿನಲ್ಲಿ ಬೇಸರವಿಲ್ಲದೆ ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ "ನಂಗೂ ಗೊತ್ತಿಲ್ರಿ, ನೋಡಿ ಹೇಳ್ತೀನಿ" ಅನ್ನುತ್ತಿದ್ದ. ಮೂವತ್ತಮೂರು ವರ್ಷದಲ್ಲಿ, ಗೊತ್ತಿಲ್ಲ ಎಂದು ಒಪ್ಪಿಕೊಂಡ ಗಂಡಸನ್ನು ಅವಳು ಕಂಡಿದ್ದು ಅದೇ ಮೊದಲು.

ಒಂದೂವರೆ ತಿಂಗಳು ಇಂಟರ್ನೆಟ್ ಒಮ್ಮೆಯೂ ನಿಲ್ಲಲಿಲ್ಲ.

ಒಂದು ಭಾನುವಾರ ಕುತೂಹಲಕ್ಕೆ ತಾನೇ ರೂಟರಿನ ಪುಟ ತೆರೆದಳು. ಯಾರು ಯಾವಾಗ ಸೆಟ್ಟಿಂಗ್‌ ತೆರೆದರು ಎಂಬ ದಾಖಲೆ ಅದರಲ್ಲಿತ್ತು. ಒಂದೊಂದೇ ಸಾಲು ಓದುತ್ತಾ ಹೋದಳು.

ಬೆಳಿಗ್ಗೆ ಒಂಬತ್ತು ನಲವತ್ತು. ಹೊರಗಿನಿಂದ ಲಾಗಿನ್. ಮರುದಿನವೂ ಒಂಬತ್ತು ನಲವತ್ತು. ಅದರ ಮರುದಿನವೂ... ಹೊರಗಿನಿಂದ ರೂಟರ್ ತೆರೆಯುವ ಅನುಮತಿ ಆನ್ ಆಗಿಯೇ ಇತ್ತು!

ಕೂಡಲೇ ಫೋನ್ ಮಾಡಿದಳು.

"ಚನ್ನಬಸವರಾಜ ಅವ್ರ, ದಿನಾ ಒಂಬತ್ತು ನಲವತ್ತಕ್ಕ ನಮ್ಮ ರೂಟರಿನ್ಯಾಗ ಬರೋರು ಯಾರು?"

"ನಾನ ರೀ. ನಿಮ್ಮ ಪಾಠಕ್ಕ ಮೊದಲು ಲೈನ್ ಸರಿ ಐತೇನು ಅಂತ..."

"ನನ್ನ ಒಂದ್ ಮಾತು ಕೇಳಿದ್ರೇನು?"

"ಇಲ್ರಿ... ನಿಮ್ಮ ಒಳ್ಳೇದಕ್ಕ ಅಂತ..."

"ನನ್ನ ಒಳ್ಳೇದು ನನ್ನ ಕೇಳ್ದ ಹೆಂಗ ಗೊತ್ತಾತು ನಿಮ್ಗ? ಇನ್ನ ಈ ಕಡೆ ಬರಬ್ಯಾಡ್ರಿ!"

ಫೋನಿಟ್ಟವಳೇ ಪಾಸ್‌ವರ್ಡ್ ಬದಲಾಯಿಸಿದಳು, ಹೊರಗಿನ ಅನುಮತಿ ತೆಗೆದಳು. ಅಷ್ಟಕ್ಕೂ ಸಿಟ್ಟು ಇಳಿಯದೆ ಫೈರ್‌ವಾಲನ್ನು ತುತ್ತತುದಿಗೆ, 'ಹೈ'ಗೆ ಏರಿಸಿದಳು.

ಬೇರೆ ಯಾರೋ ಆಗಿದ್ದರೆ ಬೈದು ಮರೆಯುತ್ತಿದ್ದೆ. ಇವನಾಗಿದ್ದಕ್ಕೆ ಇಷ್ಟು ಸಂಕಟ ಯಾಕೆ? ಆ ಪ್ರಶ್ನೆಯನ್ನು ಮಾತ್ರ ಅವಳಿಗೆ ಯಾರನ್ನೂ ಕೇಳಲಾಗಲಿಲ್ಲ.

ಸೋಮವಾರ. ಪರೀಕ್ಷೆಗೆ ಮುಂಚಿನ ಕೊನೆಯ ಪಾಠ, ಹತ್ತು ಗಂಟೆಗೆ. ಹತ್ತಕ್ಕೆ ಹನ್ನೆರಡು ನಿಮಿಷ ಇರುವಾಗ ಆ ಮೂವರಲ್ಲಿ ಒಬ್ಬಳಾದ ಅನುಷಾಳ ಮೆಸೇಜು ಬಂತು. "ಅಕ್ಕಾ, ಟೆಸ್ಟ್ ಮಾಡಿದ್ವಿ. ಅಕ್ಷರ ಬರ್ತಿಲ್ಲ."

ಅಯ್ಯೋ! ಇಂಟರ್ನೆಟ್ ಇದೆ, ಬೇರೆಲ್ಲ ತೆರೆಯುತ್ತಿದೆ, ಟೈಪ್ ಮಾಡಿದ್ದನ್ನು ಕಳಿಸುವ ತಂತ್ರಾಂಶ ಮಾತ್ರ ಕಾಲೇಜನ್ನು ಮುಟ್ಟುತ್ತಿಲ್ಲ. ಆಫ್ ಮಾಡಿ ಆನ್ ಮಾಡಿದಳು. ಮತ್ತೆ ಅದೇ. ಒಂಬತ್ತು ಐವತ್ತೊಂದು...

ಮಾನಕ್ಕಿಂತ ಆ ಹುಡುಗಿಯರ ಪಾಠ ದೊಡ್ಡದು. ಅವನಿಗೇ ಫೋನ್ ಮಾಡಿದಳು.

"ಕೆಂಚನಗುಡ್ಡದಾಗ ಕಂಬದ ಮ್ಯಾಲ ಅದೀನ್ರಿ. ಹೇಳ್ರಿ."

"ಹುಡುಗ್ಯಾರಿಗೆ ಅಕ್ಷರ ಬರವಲ್ವು. ಹೊರಗಿನ ಅನುಮತಿ ಆನ್ ಮಾಡಿ ಪಾಸ್‌ವರ್ಡ್ ಹೇಳ್ತೀನಿ, ನೀವ ತಗದು ಸರಿ ಮಾಡ್ರಿ."

"ಬ್ಯಾಡ್ರಿ." ಅವನ ದನಿ ಮೆತ್ತಗಿತ್ತು. "ನಿಮ್ಮ ಪಾಸ್‌ವರ್ಡ್ ನಿಮ್ಮ ಹತ್ರನ ಇರ್ಲಿ. ನೀವ ಮಾಡ್ರಿ, ನಾ ಹೇಳ್ತೀನಿ. ನಿನ್ನೆ ಏನರ ಬದಲಿ ಮಾಡಿದ್ರೇನು?"

"ಫೈರ್‌ವಾಲು... ಹೈ ಮಾಡಿದ್ದೆ."

"ಯಾಕ್ರೀ?"

"ನಿಮ್ಮ ಮ್ಯಾಲಿನ ಸಿಟ್ಟಿಗೆ."

ಕಂಬದ ಮೇಲೆ ಗಾಳಿ ಬೀಸುವುದು ಕೇಳಿಸಿತು. "ಹೈ ಇಟ್ರ ನಿಮ್ಮ ತಂತ್ರಾಂಶನೂ ಹೊರಗ ಹೋಗಾಕ ಬಿಡಂಗಿಲ್ರಿ. ಮೀಡಿಯಂ ಮಾಡ್ರಿ. ಕೆಳಗ ಸೇವ್ ಅಂತ ಐತಿ, ಒತ್ರಿ."

ಒತ್ತಿದಳು. ಒಂದು ಸಾಲು ಟೈಪ್ ಮಾಡಿದಳು. ಒಂಬತ್ತು ಐವತ್ತೆಂಟು...

"ಬಂತು ಅಕ್ಕಾ!!!"

ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವನು ಫೋನಿಟ್ಟಿದ್ದ. ಪಾಠ ಶುರುವಾಯಿತು. ಎರಡು ಗಂಟೆ ಅವಳ ಬೆರಳು ನಿಲ್ಲಲಿಲ್ಲ.

ಪಾಠ ಮುಗಿಸಿ ಎದ್ದಾಗ ವೀರಭದ್ರಮ್ಮ ಒಳಗೆ ಬಂದು ಮೆಲ್ಲಗೆ ಅಂದರು. "ಆ ಹುಡುಗ ಆಗಿನಿಂದ ಬಿಸಿಲಾಗ ನಿಂತಾನ. ಕರದ್ರೂ ಒಳಗ ಬರವಲ್ಲ."

ಶಾಂಭವಿ ಹೊರಗೆ ಓಡಿದಳು. ಬೈಕಿನ ಪಕ್ಕ ನಿಂತಿದ್ದ ಚನ್ನಬಸವರಾಜನ ಮುಖ ಕೆಂಪಗೆ ಕಾದಿತ್ತು.

"ಒಂದ್ ಮಾತು ಹೇಳಿ ಹೋಗ್ತೀನ್ರಿ. ನಿನ್ನೆ ಅರ್ಧ ಸುಳ್ಳು ಹೇಳಿದೆ. ಮೊದಲ ಹತ್ತು ದಿನ ಲೈನ್ ನೋಡಾಕ ಬರ್ತಿದ್ದೆ, ಖರೆ. ಆಮ್ಯಾಲ ಲೈನು ಗಟ್ಟಿ ಆತು. ಆದ್ರೂ... ರೂಟರಿನ ಪಟ್ಟಿಯೊಳಗ 'ಶಾಂಭವಿ ಲ್ಯಾಪ್‌ಟಾಪ್' ಅಂತ ಹಸಿರು ಚುಕ್ಕಿ ಹತ್ತತೈತಿ. ಅದು ಹತ್ತಿದ್ದು ಕಂಡ್ರ ಆ ದಿನ ಹಗುರ ಅನಸ್ತಿತ್ತು. ಅಷ್ಟ ನೋಡ್ತಿದ್ದೆ, ಮತ್ತೇನೂ ಇಲ್ಲ. ಆದ್ರೂ ತಪ್ಪು ತಪ್ಪ. ಬೇರೆಯವ್ರನ್ನ ಈ ಕಡೆ ಹಾಕ್ರಿ ಅಂತ ಆಫೀಸಿನ್ಯಾಗ ಹೇಳಿ ಬಂದೀನಿ."

ಬೇರೆಯವರಾ?

"ಮತ್ತ ನನ್ನ ಕೇಳ್ದನ ಮಾಡಿದ್ರಲ್ಲ!"

ಅವನು ಬೆಚ್ಚಿ ತಲೆ ಎತ್ತಿದ.

"ಈಗ ಕೇಳ್ರಿ."

"ಏನಂತ?"

"ನಿಮಗ ಏನು ಬೇಕೋ ಅದನ್ನ."

ರಸ್ತೆಯಲ್ಲಿ ಭತ್ತದ ಟ್ರಾಕ್ಟರೊಂದು ಸದ್ದು ಮಾಡುತ್ತಾ ಹೋಯಿತು. ಅದು ದೂರವಾಗುವವರೆಗೂ ಅವನು ಕಾದ.

"ದಿನಾ ನಿಮ್ಮ ಜೊತಿ ಮಾತಾಡಬೇಕು ಅನಸತೈತಿ. ಜೀವ ಇರೋತನ. ನಿಮಗ... ಒಪ್ಪಿಗಿ ಐತೇನ್ರಿ?"

ಶಾಂಭವಿ ಕೆಳಗೆ ನೋಡಿದಳು. ಕಣ್ಣು ಮಂಜಾಗಿತ್ತು, ತುಟಿಯಲ್ಲಿ ನಗು.

"ಐತಿ. ಆದ್ರ ನನ್ನ ಪ್ರಶ್ನಿ ಮುಗಿಯಂಗಿಲ್ಲ ನೋಡ್ರಿ."

"ಮುಗೀಬಾರದ್ರಿ."

"ಮೊದಲನೇದು ಇದು. ಬೆಳಗಿನಿಂದ ಏನರ ತಿಂದೀರೇನು?"

ಅವನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತಾ ನಿಂತ.

ಅವಳು ಒಳಗೆ ಹೋದಳು. ತಾಯಿ ಮುಚ್ಚಿಟ್ಟಿದ್ದ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ ತಟ್ಟೆಗೆ ಹಾಕಿಕೊಂಡು ಬಂದು, ಕಟ್ಟೆಯ ಮೇಲೆ ನೆರಳಿದ್ದ ಕಡೆ ಅವನನ್ನು ಕೂರಿಸಿ, ಅವನ ಕೈಗೆ ಕೊಟ್ಟಳು.