ನೀರು ಕುಡಿಯದ ಡಾಕ್ಟ್ರಮ್ಮ

ಅವನ ಮುಖ ನೋಡುವ ಮೊದಲೇ ಅವಳು ಅವನ ಬೂಟಿನ ಮೇಲೆ ವಾಂತಿ ಮಾಡಿಬಿಟ್ಟಿದ್ದಳು.

ಪ್ರೇಮಕಥೆ ಎಂದು ಓದಲು ಕೂತವರು ಕ್ಷಮಿಸಬೇಕು. ಹೂವು, ಬೆಳದಿಂಗಳು ಎಂದು ಶುರುಮಾಡಲು ನನಗೂ ಆಸೆಯಿತ್ತು. ಆದರೆ ನಡೆದದ್ದೇ ಹೀಗೆ, ಏನು ಮಾಡಲಿ?

ಭಾನುವಾರದ ಮಧ್ಯಾಹ್ನ. ಸೈಕಲ್ ಸಂಘದವರು ಬೆಳಗಿನಿಂದ ತುಳಿದು ತುಳಿದು ಮರಳಿ ಬಂದು, ಆಟದ ಮೈದಾನದ ಗೋಡೆಯ ನೆರಳಿನಲ್ಲಿ ಉಸ್ಸಪ್ಪಾ ಎಂದು ಕೂತಿದ್ದರು. ಅವಳಿಗೆ ಮಾತ್ರ ಬಲಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯುತ್ತಿದ್ದ ಹಾಗಿತ್ತು. ಬೆಳಕು ಬೇಡ, ಮಾತು ಬೇಡ, ಬೆವರಿನ ವಾಸನೆಯಂತೂ ಬೇಡವೇ ಬೇಡ. ಗೋಡೆಯ ಕಡೆ ಬಗ್ಗುವಷ್ಟರಲ್ಲಿ ಎರಡು ಕಾಲು ಬಂದು ಎದುರಿಗೆ ನಿಂತಿದ್ದವು.

"ಪರವಾಗಿಲ್ಲ, ತೊಳ್ಕೋಬಹುದು," ಎಂದಿತು ಮೇಲಿನಿಂದ ಒಂದು ದನಿ.

ಅಷ್ಟಕ್ಕೇ ಬಿಟ್ಟಿದ್ದರೆ ಅವಳಿಗೆ ಅಲ್ಲೇ ಪ್ರೀತಿ ಹುಟ್ಟುತ್ತಿತ್ತೋ ಏನೋ. ಆದರೆ ಪುಣ್ಯಾತ್ಮ ಜೇಬಿನಿಂದ ತಲೆನೋವಿನ ಮುಲಾಮು ತೆಗೆದು, ಕೇಳದೆ ಹೇಳದೆ ಅವಳ ಹಣೆಗೆ ತಿಕ್ಕಿದ. ಆ ಘಾಟು ಮೂಗಿಗೆ ಅಡರಿದ್ದೇ ತಡ, ಇನ್ನೊಂದು ಬೂಟೂ ಹೋಯಿತು.

"ಥೂ... ದೂರ ಹೋಗ್ರೀ. ಏನು ನಾತ ಇದು..."

ಅವನು ದೂರ ಹೋದ. ಅವಳು ಬೈದದ್ದು ಮುಲಾಮಿಗೆ. ಅವನು ಅದನ್ನು ತನ್ನ ಮೈಗೆ ಅಂಟಿಸಿಕೊಂಡು ಹೋದ.

ಅವಳು ಹಲ್ಲಿನ ಡಾಕ್ಟರು. ದಿನವಿಡೀ ಊರವರ ಹುಳುಕು ಹಲ್ಲು, ಕೀವು ತುಂಬಿದ ಒಸಡುಗಳ ನಡುವೆಯೇ ಕೆಲಸ. ಅಲ್ಲಿ ಅವಳಿಗೆ ಹೇಸಿಗೆ ಎಂಬುದೇ ಇರಲಿಲ್ಲ. ಕ್ಲಿನಿಕ್ಕಿನ ಬಾಗಿಲು ದಾಟಿದರೆ ಮಾತ್ರ ಲೋಕವೆಲ್ಲ ಅಸಹ್ಯ. ಬಸ್ಸಿನ ಕಂಬಿ ಅಸಹ್ಯ, ಹೋಟೆಲಿನ ಮೇಜು ಒರೆಸುವ ಬಟ್ಟೆ ಅಸಹ್ಯ, ಲೋಟದೊಳಗೆ ಬೆರಳು ಅದ್ದಿ ನೀರು ತರುವ ಮಾಣಿ ಅಸಹ್ಯ.

"ನಿನ್ನ ಮೂಗಿಗೆ ಒಪ್ಪೋ ಗಂಡು ಇನ್ನೂ ಹುಟ್ಟಿಲ್ಲ ಕಣೇ," ಎಂದು ಅಮ್ಮ ಗೊಣಗುತ್ತಿದ್ದಳು.

ಸೈಕಲ್ ಮೇಲೆ ಕೂತಾಗ ಮಾತ್ರ ಆ ಮೂಗಿಗೆ ಬಿಡುವು. ಎದುರುಗಾಳಿ ಮುಖಕ್ಕೆ ರಪರಪ ಬಡಿಯುತ್ತಿದ್ದರೆ ಯಾವ ವಾಸನೆಯೂ ನಿಲ್ಲುತ್ತಿರಲಿಲ್ಲ. ವಾರವಿಡೀ ಅವಳು ಬದುಕುತ್ತಿದ್ದದ್ದೇ ಆ ಭಾನುವಾರಕ್ಕಾಗಿ. ಆದರೆ ಪ್ರತಿ ಉದ್ದದ ಸವಾರಿಯ ಕೊನೆಗೂ ಅದೇ ತಲೆನೋವು, ಅದೇ ವಾಂತಿ. ಮರುದಿನ ಕ್ಲಿನಿಕ್ಕಿಗೆ ಬೀಗ, ಅವಳಿಗೆ ಕತ್ತಲ ಕೋಣೆ.

ಸಂಘವನ್ನು ನಡೆಸುತ್ತಿದ್ದ ನಿವೃತ್ತ ಟೀಚರಮ್ಮ ಕೊನೆಗೆ ಹೇಳಿಯೇಬಿಟ್ಟರು.

"ನೋಡಮ್ಮ, ನಡುರಸ್ತೇಲಿ ಕಣ್ಣು ಕತ್ತಲೆ ಬಂದು ಲಾರಿ ಕೆಳಗೆ ಬಿದ್ರೆ ನಿಮ್ಮಮ್ಮಂಗೆ ನಾನೇನು ಹೇಳ್ಲಿ? ಅಣೆಕಟ್ಟಿನ ಸವಾರಿಗೆ ಬಾ. ಅಲ್ಲೂ ಹೀಗಾದ್ರೆ ಮುಗೀತು. ಆಮೇಲೆ ನಿನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ."

ಅವಳು ಹೂಂ ಎಂದಳು. ಇದೂ ಹೋದರೆ ನನಗೆ ಉಳಿಯೋದೇನು...

ಎರಡು ದಿನ ಬಿಟ್ಟು, ಸಂಜೆ ಅವಳು ಮೈದಾನದಲ್ಲಿ ಸುತ್ತು ಹೊಡೆಯುತ್ತಿದ್ದಾಗ ಬೂಟಿನವನು ಬಂದ. ಸಂಘಕ್ಕೆ ಹೊಸದಾಗಿ ಸೇರಿದವನು, ಪೇಟೆಯಲ್ಲಿ ಅವನಿಗೆ ಬೀಗ ರಿಪೇರಿ ಅಂಗಡಿ. ಬಂದವನು ಅಷ್ಟು ದೂರದಲ್ಲೇ ನಿಂತುಕೊಂಡ, ಸಾಲ ವಸೂಲಿಗೆ ಬಂದವರನ್ನು ಕಂಡ ಹಾಗೆ.

"ಡಾಕ್ಟ್ರೇ, ಸ್ನಾನ ಮಾಡ್ಕೊಂಡೇ ಬಂದಿದೀನಿ. ಒಂದು ಮಾತು ಹೇಳ್ಲಾ?"

"ಹೇಳಿ."

"ನಿಮ್ಮ ಹೆಲ್ಮೆಟ್ ಬಿಗಿ. ಅವತ್ತು ಹಣೆ ಮೇಲೆ ಗೆರೆ ಬಿದ್ದಿತ್ತು. ಹ್ಯಾಂಡಲ್ಲೂ ತೀರಾ ತಗ್ಗು, ಆಮೆ ತರ ಕತ್ತು ಎತ್ಕೊಂಡೇ ಇರ್ತೀರ. ಅಷ್ಟು ಹೊತ್ತು ಹಾಗಿದ್ರೆ ಯಾರಿಗಾದ್ರೂ ತಲೆ ಸಿಡಿಯುತ್ತೆ."

ಅವಳಿಗೆ ನಗು ಬಂತು. ತನ್ನನ್ನು ಆಮೆ ಎಂದವನು ಇವನೊಬ್ಬನೇ.

ಅವನು ಹ್ಯಾಂಡಲ್ ಎತ್ತರಿಸಿದ, ಪಟ್ಟಿ ಸಡಿಲಿಸಿದ. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಲು ಹೇಳಿದ. ಖಾಲಿ ಹೊಟ್ಟೆಯಲ್ಲಿ ಹೊರಡಬಾರದೆಂದು ದಿನವೂ ಬಾಳೆಹಣ್ಣು ತಂದ. ಸಂಜೆಯ ಸಣ್ಣ ಸುತ್ತುಗಳಲ್ಲಿ ತಲೆನೋವು ಹತ್ತಿರ ಸುಳಿಯಲಿಲ್ಲ. ಸಂಜೆಯಾದರೆ ಸಾಕು, ಅವಳ ಕಣ್ಣು ಗೇಟಿನ ಕಡೆಗೇ ಓಡುತ್ತಿತ್ತು.

ಇವನ್ಯಾಕೆ ಇನ್ನೂ ಬರಲಿಲ್ಲ... ಬಂದ್ರೆ ನನಗೇನು, ಬರದಿದ್ರೆ ನನಗೇನು... ಅಯ್ಯೋ, ಬಂದ.

ಒಂದೇ ಒಂದು ವಿಷಯದಲ್ಲಿ ಅವನು ಬೇತಾಳ. ನೀರು.

"ಡಾಕ್ಟ್ರೇ, ಭಾನುವಾರ ನಿಮ್ಮ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದಿತ್ತು. ಅಷ್ಟು ಬೆವರು ಹರಿಸಿ ಒಂದು ಹನಿ ಕುಡೀದೆ ಇದ್ರೆ ತಲೆ ನೋಯದೆ ಇನ್ನೇನಾಗುತ್ತೆ? ಸ್ವಲ್ಪ ಸ್ವಲ್ಪವೇ ಕುಡೀತಾ ಇರಿ. ಒಂದು ಚಿಟಿಕೆ ಉಪ್ಪು ಹಾಕ್ಕೊಳ್ಳಿ."

ಅವಳಿಗೆ ಗೊತ್ತಿಲ್ಲವೇ? ಓದಿದವಳು ಅವಳು. ಆದರೆ ಕುಡಿದ ನೀರು ಹೊಟ್ಟೆಯಲ್ಲೇ ಮನೆ ಕಟ್ಟಿಕೊಂಡು ಇರುತ್ತದೆಯೇ? ಅದು ಹೊರಗೆ ಹೋಗಬೇಕಲ್ಲ. ದಾರಿಯಲ್ಲಿದ್ದದ್ದು ಒಂದೇ ಜಾಗ, ಪೆಟ್ರೋಲ್ ಬಂಕಿನ ಹಿಂದಿನ ಶೌಚಾಲಯ.

ಅಲ್ಲಿಗೆ ಅವಳು ಒಂದೇ ಸಲ ಹೋಗಿದ್ದಳು. ನೆನೆಸಿಕೊಂಡರೆ ಈಗಲೂ ಗಂಟಲಿಗೆ ಬರುತ್ತಿತ್ತು. ಪಾದ ಮುಳುಗುವಷ್ಟು ನೀರು, ಅದನ್ನು ನೀರು ಎನ್ನಬಹುದಾದರೆ. ಗೋಡೆಯ ಮೇಲೆ ಒಣಗಿದ ಕಲೆಗಳು, ಮುಖಕ್ಕೇ ಹಾರಿ ಬರುವ ನೊಣಗಳು. ಬಾಗಿಲಿಗೆ ಚಿಲಕವಿಲ್ಲ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಮೂಗು, ಬಟ್ಟೆ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಹಾಕಿಕೊಂಡಿದ್ದ ಬೂಟನ್ನು ಅವಳು ಮನೆಯೊಳಗೆ ತರಲೇ ಇಲ್ಲ. ಸಂಘದ ಗಂಡಸರಿಗೆ ಚಿಂತೆಯಿಲ್ಲ, ಮರವಿದ್ದಲ್ಲೆಲ್ಲ ಬಾಗಿಲು. ಟೀಚರಮ್ಮ ವ್ಯಾನಿನಲ್ಲಿ ಬಂದು ವ್ಯಾನಿನಲ್ಲೇ ಹೋಗುವವರು. ಸೈಕಲ್ ತುಳಿಯುವ ಹೆಂಗಸು ಇವಳೊಬ್ಬಳೇ. ಅಂದಿನಿಂದ ಅವಳ ವ್ರತ ಒಂದೇ, ಸವಾರಿಯ ಹಿಂದಿನ ರಾತ್ರಿಯಿಂದಲೇ ಬಾಯಿಗೆ ಬೀಗ.

ಇದನ್ನೆಲ್ಲ ಈಗಷ್ಟೇ ಮನಸ್ಸಿಗೆ ಹತ್ತಿರವಾಗುತ್ತಿರುವವನಿಗೆ ಯಾವ ಬಾಯಲ್ಲಿ ಹೇಳುವುದು?

ಅಣೆಕಟ್ಟಿನ ಸವಾರಿಗೆ ಮೂರು ದಿನವಿತ್ತು. ಅವನು ಮತ್ತೆ ಅದೇ ರಾಗ ತೆಗೆದ. "ನಾನು ಜೊತೇಲೇ ಇರ್ತೀನಿ ಡಾಕ್ಟ್ರೇ. ಹತ್ತು ನಿಮಿಷಕ್ಕೊಂದ್ಸಲ ನೆನಪಿಸ್ತೀನಿ, ನೀರು ಕುಡೀಬೇಕು..."

"ನೀರು, ನೀರು, ನೀರು! ನಿಮಗೇನ್ರೀ ಗೊತ್ತು? ಮರ ಕಂಡಲ್ಲಿ ತಿರುಗಿ ನಿಲ್ಲೋ ಜನ ನೀವು. ನನ್ನ ಹಿಂದೆ ಬರಬೇಡಿ ಹೋಗಿ."

ಅವನು ಸೈಕಲ್ ತಿರುಗಿಸಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಸವಾರಿಯ ಬೆಳಿಗ್ಗೆ ಮೈದಾನದಲ್ಲಿ ಎಲ್ಲರೂ ಇದ್ದರು. ಅವನಿರಲಿಲ್ಲ.

"ಅವನು ಆಗ್ಲೇ ಹೊರಟುಹೋದ. ಏನೋ ಅವಸರ ಅಂದ," ಎಂದರು ಟೀಚರಮ್ಮ.

ಜೊತೆಗಿರ್ತೀನಿ ಅಂದಿದ್ದ... ಹೋಗ್ಲಿ ಬಿಡು. ಮೈಮೇಲೆ ವಾಂತಿ ಮಾಡಿ, ನಾತ ಅಂತ ಬೈದು, ಬರಬೇಡ ಅಂತ ಓಡಿಸಿದವಳ ಹಿಂದೆ ಯಾರು ಬರ್ತಾರೆ? ನನ್ನ ಕಂಡ್ರೆ ಈಗ ಅವನಿಗೇ ಅಸಹ್ಯ ಆಗಿರಬೇಕು...

ಕಣ್ಣೀರು ಒರೆಸಿಕೊಳ್ಳುತ್ತಾ ತುಳಿದಳು. ಬಾಟಲಿ ತುಂಬಿದ್ದು ತುಂಬಿದಂತೆಯೇ ಇತ್ತು. ಬಿಸಿಲೇರಿತು. ಪೆಟ್ರೋಲ್ ಬಂಕ್ ಕಾಣುವ ಹೊತ್ತಿಗೆ ಬಲಗಣ್ಣಿನ ಹಿಂದೆ ಆ ಮೊಳೆ ಮತ್ತೆ ಶುರುವಾಯಿತು. ಮುಗಿಯಿತು, ಎಂದುಕೊಂಡಳು. ಎಲ್ಲರೂ ಚಹಾ ಅಂಗಡಿಗೆ ನುಗ್ಗಿದಾಗ, ಟೀಚರಮ್ಮನ ಕಣ್ಣಿಗೆ ಬೀಳದೆ ವಾಂತಿ ಮಾಡಿಕೊಳ್ಳೋಣವೆಂದು ಬಂಕಿನ ಹಿಂದಕ್ಕೆ ಓಡಿದಳು.

ಅಲ್ಲಿ ಯಾರೋ ಆಗಲೇ ವಾಂತಿ ಮಾಡಿಕೊಳ್ಳುತ್ತಿದ್ದರು.

ಅವನು! ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆ ಕುತ್ತಿಗೆಗೆ ಜಾರಿತ್ತು. ಒಂದು ಕೈ ಗೋಡೆಗೆ, ಇನ್ನೊಂದರಲ್ಲಿ ಉದ್ದನೆಯ ಬ್ರಷ್ಷು. ಹಿಂದೆ ಶೌಚಾಲಯದ ಬಾಗಿಲು ತೆರೆದಿತ್ತು. ಒಳಗೆ ನೆಲ ಕಾಣುತ್ತಿತ್ತು. ಅಲ್ಲಿ ನೆಲವೊಂದಿದೆಯೆಂದು ಅವಳಿಗೆ ಗೊತ್ತಾದದ್ದೇ ಅಂದು.

"ಏನ್ರೀ ಇದು?"

ಅವನು ತಟ್ಟನೆ ನೆಟ್ಟಗೆ ನಿಂತು ಬಾಯಿ ಒರೆಸಿಕೊಂಡ. ನಾಚಿಕೆಯಿಂದ ಮುಖ ಕೆಂಪಾಗಿತ್ತು.

"ನೀವು ಬರೋಷ್ಟರಲ್ಲಿ ಮುಗಿಸ್ಬೇಕು ಅಂದ್ಕೊಂಡಿದ್ದೆ. ಹಾಳಾದ್ದು, ಹಳೇ ಕೊಳೆ, ಕಲ್ಲಾಗಿತ್ತು. ಬಂಕಿನವರು ನನಗೆ ಹುಚ್ಚು ಹಿಡಿದಿದೆ ಅಂದ್ಕೊಂಡಿದಾರೆ."

"ಯಾರು ಹೇಳಿದ್ರು ನಿಮಗೆ?"

"ನಮ್ಮಕ್ಕ. ಬಸ್ ಕಂಡಕ್ಟರು. ನೀವು ಬೈದ ಮಾತು ಅವಳ ಹತ್ರ ಹೇಳ್ದೆ. ಅವಳು ತಲೆ ಮೇಲೆ ಮೊಟಕಿ, 'ಅಯ್ಯೋ ಪೆದ್ದೇ, ಕುಡಿದ್ರೆ ಆ ಹುಡುಗಿ ಎಲ್ಲಿಗೆ ಹೋಗ್ಬೇಕೋ? ಡ್ಯೂಟಿ ದಿನ ನಾನೂ ನೀರು ಮುಟ್ಟಲ್ಲ. ಇಷ್ಟು ವರ್ಷ ಒಂದೇ ಮನೇಲಿದ್ದೀಯ, ಒಂದಿನ ಕೇಳಿದ್ಯಾ' ಅಂದ್ಲು." ಅವನು ತಲೆ ತಗ್ಗಿಸಿದ. "ಕೇಳಿರ್ಲಿಲ್ಲ ಡಾಕ್ಟ್ರೇ. ನಿಮ್ಮನ್ನೂ ಕೇಳ್ಲಿಲ್ಲ. ಬರೀ ಉಪದೇಶ ಮಾಡ್ದೆ."

ಅವಳು ಹತ್ತಿರ ಹೋದಳು.

"ಬರಬೇಡಿ, ಬರಬೇಡಿ. ನಾರ್ತಿದೀನಿ."

"ಹೌದು. ಅಸಹ್ಯವಾಗಿ ನಾರ್ತಿದೀರ," ಎಂದಳು. ಆದರೆ ಹಿಂದೆ ಸರಿಯಲಿಲ್ಲ. "ಅವತ್ತು ನಾತ ಅಂದಿದ್ದು ನಿಮಗಲ್ಲ, ಆ ದರಿದ್ರ ಮುಲಾಮಿಗೆ."

"ಮುಲಾಮಿಗಾ? ನಾನು ಅವತ್ತಿಂದ ದಿನಕ್ಕೆ ಎರಡು ಸಲ ಸ್ನಾನ ಮಾಡ್ತಿದೀನಿ."

ಅವಳು ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊಸ ಚಿಲಕ ಟಕ್ಕೆಂದು ಕೂತಿತು. ಹೊರಗೆ ಅವನು ದೂರ ಹೋಗಿ, ಬೆನ್ನು ತಿರುಗಿಸಿ, ಯಾರೂ ಆ ಕಡೆ ಬರದ ಹಾಗೆ ಕಾವಲು ನಿಂತ.

ಹೊರಗೆ ಬಂದು ನೆರಳಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು, ಗುಟುಕು ಗುಟುಕಾಗಿ ಬಾಟಲಿ ಖಾಲಿ ಮಾಡಿದಳು. ಮೊಳೆ ಒಮ್ಮೆಲೇ ಹೋಗಲಿಲ್ಲ, ಅದೇನು ಮಂತ್ರವೇ? ಆದರೆ ಒಳಕ್ಕೆ ಇಳಿಯದೆ ಅಲ್ಲೇ ನಿಂತಿತು. ಅರ್ಧ ಗಂಟೆಯಲ್ಲಿ ಮಂಕಾಯಿತು. ಟೀಚರಮ್ಮ ಬಂದು ಮುಖ ನೋಡಿದರು.

"ವ್ಯಾನ್ ಹತ್ತೀಯೇನಮ್ಮ?"

"ಇಲ್ಲ ಮೇಡಂ. ತುಳೀತೀನಿ."

ತುಳಿದಳು. ಅಣೆಕಟ್ಟು ಮುಟ್ಟಿ, ಮತ್ತೆ ಅದೇ ಬಂಕಿನಲ್ಲಿ ನಿಂತು, ನೀರು ಕುಡಿಯುತ್ತಾ ಮರಳಿದಳು. ಸಂಜೆ ಮೈದಾನಕ್ಕೆ ಬಂದಾಗ ಕಾಲು ಸೋತಿತ್ತು, ತಲೆ ಹಗುರವಾಗಿತ್ತು. ಟೀಚರಮ್ಮ ಮುಂದಿನ ಸವಾರಿಗೆ ಅವಳ ಹೆಸರು ಬರೆದುಕೊಂಡರು.

ಎಲ್ಲರೂ ಹೊರಟ ಮೇಲೆ ಇಬ್ಬರೇ ಉಳಿದರು. ಅವನು ಅಭ್ಯಾಸಬಲದಿಂದ ಅಷ್ಟು ದೂರದಲ್ಲೇ ನಿಂತಿದ್ದ.

"ಒಂದು ಕೇಳ್ಲಾ?" ಎಂದಳು.

"ಕೇಳಿ."

"ಮನೇದೂ ನೀವೇ ತೊಳೀತೀರಾ?"

"ಯಾವ ಮನೇದು?"

ಅವಳು ತಲೆ ತಗ್ಗಿಸಿ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಉಜ್ಜಿದಳು. "ನಮ್ಮನೇದು."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಡುವಿನ ದೂರವನ್ನು ದಾಟಿ ಬಂದು ಅವಳ ಪಕ್ಕದಲ್ಲಿ ನಿಂತ.

"ಒಂದು ದಿನ ನಾನು, ಒಂದು ದಿನ ನೀವು," ಎಂದ ಮೆಲ್ಲಗೆ.

"ನನಗೆ ಅಸಹ್ಯ ಆಗುತ್ತೆ."

"ನನಗೂ ಆಗುತ್ತೆ ಡಾಕ್ಟ್ರೇ. ಒಬ್ಬರು ತೊಳೀವಾಗ ಇನ್ನೊಬ್ಬರು ಬೆನ್ನು ಸವರೋಣ."