ಕೊಕ್ಕನೂರಿನ ಮೂರನೆಯ ಸಹಾಯಕಿ

ಆ ಹುದ್ದೆಯನ್ನು ಕಾಗದದ ಮೇಲೆ ಹುಟ್ಟಿಸಿದವನೇ ರೇವಣ್ಣ. ಲೆಕ್ಕ ಸಹಾಯಕ, ಒಂದು ಹುದ್ದೆ, ಮೂರು ವರ್ಷ, ಸವಲತ್ತು ಪ್ರತ್ಯೇಕ ಎಂದು ಬರೆದು, ಸವಲತ್ತಿನ ಎದುರಿಗೆ ಸಂಬಳದ ನೂರಕ್ಕೆ ಇಪ್ಪತ್ತೊಂದರಂತೆ ಹಾಕಿ ಎರಡು ಸಲ ತಾಳೆ ನೋಡಿದ್ದ. ಹದಿನೇಳು ವರ್ಷ ಕಂಡವರ ಪಿ.ಎಫ್. ಲೆಕ್ಕ ಹಾಕಿದ್ದ. ತನಗಾಗಿ ಹಾಕಿದ್ದು ಅದೇ ಮೊದಲು.

ದಾವಣಗೆರೆಯ ಹೊರವಲಯದ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ವಿಷಯ ಬರೆಯುವವರು ಪ್ರೊಫೆಸರುಗಳು. ಹಣದ ಅಂದಾಜು ಬರೆಯುವವನು ರೇವಣ್ಣ. ಒಬ್ಬನಿಗೆ ಹದಿನೆಂಟು ಸಾವಿರ ಸಂಬಳ ಎಂದರೆ ಖರ್ಚು ಹದಿನೆಂಟೇ ಸಾವಿರ ಎಂದು ನಂಬುವಷ್ಟು ಓದಿದವರು ಆ ಪ್ರೊಫೆಸರುಗಳು. ಪಿ.ಎಫ್.ಗೆ ಹದಿಮೂರು, ಇ.ಎಸ್.ಐ.ಗೆ ಮೂರೂಕಾಲು, ಗ್ರಾಚುಟಿಗೆ ಹೆಚ್ಚುಕಡಿಮೆ ಐದು. ಇಷ್ಟನ್ನು ಮರೆತು ಎಷ್ಟೋ ಪ್ರಾಜೆಕ್ಟುಗಳು ನಡುದಾರಿಯಲ್ಲಿ ಕೂತಿದ್ದವು. ರೇವಣ್ಣ ಕೈ ಇಟ್ಟ ಪ್ರಾಜೆಕ್ಟು ಒಂದೂ ಕೂತಿರಲಿಲ್ಲ. ಅವನಿಗೆ ಮಾತ್ರ ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆ ಕಾಗದ. ಅದರಲ್ಲಿ ಪಿ.ಎಫ್. ಇಲ್ಲ, ಗ್ರಾಚುಟಿ ಇಲ್ಲ, ಏನೂ ಇಲ್ಲ.

"ಈ ಬೋರ್‌ವೆಲ್ ನೀರಿನ ಪ್ರಾಜೆಕ್ಟ್ ಒಂದು ಬರ್ಲಿ ನೋಡು ರೇವಣ್ಣ," ಎಂದಿದ್ದರು ಪ್ರೊಫೆಸರ್ ವಾಮದೇವಪ್ಪ. "ಆ ಹುದ್ದೆ ನಿಂದೇ. ಪಿ.ಎಫ್., ಇ.ಎಸ್.ಐ. ಎಲ್ಲಾ. ನಾನು ಹೇಳಿದ ಮೇಲೆ ಮುಗೀತು."

ಪ್ರಾಜೆಕ್ಟು ಬಂತು. ಹುದ್ದೆಯಲ್ಲಿ ಬಂದು ಕೂತವನು ವಾಮದೇವಪ್ಪನವರ ಹೆಂಡತಿಯ ಅಣ್ಣನ ಮಗ ಕೊಟ್ಟೂರೇಶ್. ಮೊದಲ ದಿನವೇ ಕುರ್ಚಿ ಎಳೆದುಕೊಂಡು ರೇವಣ್ಣನ ಮಗ್ಗುಲಿಗೆ ಬಂದ.

"ರೇವಣ್ಣಾರ, ಗ್ರಾಚುಟಿ ಅಂದ್ರೆ ಏನ್ರಿ?"

"ನೌಕ್ರಿ ಬಿಡುವಾಗ ಕೈಗೆ ಬರೋ ದುಡ್ಡು."

"ಓಹೋ. ಹಂಗಾದ್ರೆ ನಿಮಗೂ ಭಾಳ ಬರ್ತದೆ ಬಿಡ್ರಿ."

ರೇವಣ್ಣ ಎದ್ದು ಸೀದಾ ವಾಮದೇವಪ್ಪನವರ ಕೋಣೆಗೆ ಹೋದ. ಅವರು ತಲೆ ಎತ್ತಲಿಲ್ಲ.

"ನಿನಗ ಐವತ್ತು ಆಗ್ತಾ ಬಂತು. ದುಡ್ಡು ಕೊಡೋರು ಹುಡುಗರನ್ನ ಕೇಳ್ತಾರೆ. ಮತ್ತೆ ಕೊಟ್ರೇಶಿಗೆ ಕಲಿಸೋಕೆ ನೀನು ಬೇಕಲ್ಲ? ನೀನು ಮನೆಯವನು ರೇವಣ್ಣ, ಬೇಜಾರು ಮಾಡ್ಕೋಬ್ಯಾಡ."

ಮನೆಯವನು ಎಂದ ಬಾಯಲ್ಲೇ ಹೊಟ್ಟೆಯ ಮೇಲೆ ಹೊಡೆದಿದ್ದರು. ಸಂಜೆ ಹರಿಹರದ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ರೇವಣ್ಣ ಲೆಕ್ಕ ಹಾಕಿದ. ಹದಿನೇಳು ವರ್ಷ ತನ್ನ ಹೆಸರಿಗೆ ಪಿ.ಎಫ್. ಕಟ್ಟಿದ್ದರೆ ಈ ಹೊತ್ತಿಗೆ ಸುಮಾರು ಐದು ಲಕ್ಷ ಅರವತ್ತೈದು ಸಾವಿರ ಇರುತ್ತಿತ್ತು. ಅಷ್ಟನ್ನು ತೆಗೆದುಕೊಳ್ಳುವುದು, ಆಮೇಲೆ ಕೈ ತೊಳೆದುಕೊಳ್ಳುವುದು. ಇದು ಕಳ್ಳತನವಲ್ಲ, ವಸೂಲಿ. ಹಾಗೆಂದು ತನಗೆ ತಾನೇ ಎರಡು ಸಲ ಹೇಳಿಕೊಂಡ.

ದಾರಿ ಅವನದೇ ಅಂದಾಜಿನಲ್ಲಿತ್ತು. ವಾರಕ್ಕೊಮ್ಮೆ ಬೋರ್‌ವೆಲ್ ನೀರು ತುಂಬಿ ಕಳಿಸಲು ಮೂವರು ಕ್ಷೇತ್ರ ಸಹಾಯಕರು, ತಲಾ ತಿಂಗಳಿಗೆ ಹದಿನೆಂಟು ಸಾವಿರ. ಹರಿಹರಕ್ಕೆ ಒಬ್ಬ, ಆನಗೋಡಿಗೆ ಒಬ್ಬ ಸಿಕ್ಕಿದ್ದರು. ಕೊಕ್ಕನೂರಿನ ಜಾಗ ಖಾಲಿ ಇತ್ತು. ಕೊಕ್ಕನೂರು ರೇವಣ್ಣನ ಹುಟ್ಟೂರು.

ಇಂಥ ಕೆಲಸ ಮಾಡಿ ಸಿಕ್ಕಿಬಿದ್ದವರನ್ನೆಲ್ಲ ಅವನು ಕಂಡಿದ್ದ, ಅವರ ದಡ್ಡತನಕ್ಕೆ ಉಗಿದೂ ಇದ್ದ. ಇಲ್ಲದ ಮನುಷ್ಯನ ಹೆಸರಿಗೆ ಸಂಬಳ ಎತ್ತುತ್ತಾರೆ, ಆದರೆ ಪಿ.ಎಫ್. ಕಟ್ಟಲು ಜೀವ ಬಿಡುತ್ತಾರೆ. ಆಡಿಟರ್ ಮೊದಲು ನೋಡುವುದೇ ಪಿ.ಎಫ್. ಚಲನ್ನು. ಸಂಬಳ ಮೂವರಿಗೆ, ಪಿ.ಎಫ್. ಇಬ್ಬರಿಗೆ ಎಂದರೆ ಅಲ್ಲಿಗೆ ಕತೆ ಮುಗಿಯಿತು. ರೇವಣ್ಣನ ಸಹಾಯಕಿ ನಿಜವಾಗಿಯೂ ಇರುವ ಹೆಂಗಸೇ ಆಗಿರುತ್ತಾಳೆ. ಅವಳ ಪಿ.ಎಫ್., ಅವಳ ಇ.ಎಸ್.ಐ. ತಿಂಗಳ ಹದಿನೈದರೊಳಗೆ ಪೈಸೆ ಬಿಡದೆ ಕಟ್ಟಿರುತ್ತದೆ. ಕಡಿತವೆಲ್ಲ ಕಳೆದು ಕೈಗೆ ಬರುವುದು ಹದಿನೈದು ಸಾವಿರದ ಏಳುನೂರ ಐದು. ಮೂವತ್ತಾರು ತಿಂಗಳಿಗೆ ಗುಣಿಸಿದಾಗ ಐದು ಲಕ್ಷ ಅರವತ್ತೈದು ಸಾವಿರದ ಮುನ್ನೂರ ಎಂಬತ್ತು ಬಂತು. ಆ ಮೊತ್ತ ನೋಡಿ, ದೇವರೇ ಲೆಕ್ಕ ಹಾಕಿಕೊಟ್ಟಂತಿದೆ ಅಂದುಕೊಂಡ.

ಹೆಸರಿಗೆ ಮರಿಯವ್ವ ಸಿಕ್ಕಳು. ವರಸೆಯಲ್ಲಿ ಚಿಗವ್ವ. ಗಂಡ ತೀರಿದ್ದ, ಓದು ಬರಹ ಇರಲಿಲ್ಲ, ಕೂಲಿಯ ಬದುಕು. ವಯಸ್ಸು ಐವತ್ತೆರಡು. ಐವತ್ತೆಂಟಾದರೆ ಪಿಂಚಣಿಯ ತಕರಾರು ಏಳುತ್ತದೆ, ಅದೂ ಅವನ ಲೆಕ್ಕದಲ್ಲಿತ್ತು.

"ಚಿಗವ್ವ, ಒಂದು ಸ್ಕೀಮ್ ಬಂದೈತೆ. ನಿನ್ನ ಆಧಾರ್ ಕಾರ್ಡ್ ಕೊಡು. ನಾಳೆ ಹರಿಹರದ ಬ್ಯಾಂಕಿಗೆ ಬಂದು ಹೆಬ್ಬೆಟ್ಟು ಒತ್ತು, ಸಾಕು."

"ಏನು ಬರ್ತದೋ ಅದರಾಗ?"

"ವಯಸ್ಸಾದ ಮೇಲೆ ಬರ್ತದೆ."

"ಹಂಗಾದ್ರೆ ಬ್ಯಾಡ ಬಿಡು, ನನಗ ಈಗ್ಲೇ ಆಗೈತಲ್ಲ!" ಎಂದು ನಗುತ್ತಲೇ ಅವಳು ಪೆಟ್ಟಿಗೆ ತೆರೆದಳು. ಕಾರ್ಡು ಕೊಟ್ಟು, ಬೆಲ್ಲದ ಚಹಾನೂ ಕೊಟ್ಟಳು. ರೇವಣ್ಣ ಕಾರ್ಡನ್ನು ಮೊದಲು ಜೇಬಿಗಿಟ್ಟುಕೊಂಡ. ಪಿ.ಎಫ್. ಆದರೂ ಇವಳದೇ ಅಲ್ಲವೇ, ಮುಂದೆ ಒಂದು ದಿನ ಕೊಡಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡು ಕುಡಿದ.

ಬ್ಯಾಂಕಿನ ಎ.ಟಿ.ಎಂ. ಕಾರ್ಡು ಅವನ ಜೇಬಿಗೆ ಸೇರಿತು. ಫೋನಿಗೆ ಬರುವ ಸಂದೇಶಗಳಿಗೆ ಅವನದೇ ಇನ್ನೊಂದು ಸಿಮ್ಮು. ಹಾಜರಿ ಹಾಳೆಯಲ್ಲಿ ಅವಳ ಹೆಬ್ಬೆಟ್ಟಿನ ಜಾಗಕ್ಕೆ ತನ್ನ ಕೈ ಬೆರಳು ಒತ್ತಿದರೆ ಮುಂದೆ ಯಾವನಾದರೂ ಹೋಲಿಸಿ ನೋಡಬಹುದು. ಅದಕ್ಕೆ ತಿಂಗಳ ಕೊನೆಯ ದಿನ ಬಾಗಿಲು ಹಾಕಿಕೊಂಡು ಎಡಗಾಲಿನ ಎರಡನೆಯ ಬೆರಳಿಗೆ ಶಾಯಿ ಹಚ್ಚಿ ಒತ್ತುತ್ತಿದ್ದ. ಕಾಲು ಬೆರಳನ್ನು ಹೋಲಿಸುವ ಆಡಿಟರ್ ಇನ್ನೂ ಹುಟ್ಟಿಲ್ಲ. ನೀರಿನಲ್ಲಿ ಮಾತ್ರ ಮೋಸವಿಲ್ಲ. ಭಾನುವಾರಕ್ಕೊಮ್ಮೆ ಬೈಕಿನಲ್ಲಿ ಕೊಕ್ಕನೂರಿಗೆ ಹೋಗಿ, ಊರ ಹೊರಗಿನ ಬೋರ್‌ವೆಲ್ಲಿನಲ್ಲಿ ಬಾಟಲಿ ತುಂಬಿ, ಚೀಟಿ ಅಂಟಿಸಿ, ಹಾಗೇ ತಿರುಗುತ್ತಿದ್ದ. ಮರಿಯವ್ವನ ಓಣಿಗೆ ಕಾಲಿಡುತ್ತಿರಲಿಲ್ಲ. ಅವಳ ಮುಖ ನೋಡುವುದು ಬೇಕಿರಲಿಲ್ಲ.

ವಾಮದೇವಪ್ಪನವರು ಎಂದಿನಂತೆ ಓದದೆ ಸಹಿ ಹಾಕಿದರು. ಎಲ್ಲದರ ಕೆಳಗೂ ಅವರ ಸಹಿ, ತನ್ನದು ಎಲ್ಲೂ ಇಲ್ಲ. ರೇವಣ್ಣನಿಗೆ ಹಣಕ್ಕಿಂತ ಹೆಚ್ಚು ರುಚಿಸಿದ್ದು ಅದೇ.

ವರ್ಷದ ಆಡಿಟಿಗೆ ಬಂದ ತಿಪ್ಪೇರುದ್ರಪ್ಪ ಕನ್ನಡಕ ಮೇಲೆ ಕೆಳಗೆ ಮಾಡುತ್ತ ಎರಡು ದಿನ ಕಡತ ಜಾಲಾಡಿದ. ಆನಗೋಡಿನವನ ಒಂದು ತಿಂಗಳ ಇ.ಎಸ್.ಐ. ತಡವಾದದ್ದನ್ನು ಹಿಡಿದ. ಅದು ಕೊಟ್ಟೂರೇಶನ ಕೆಲಸ.

"ಈ ಕೊಕ್ಕನೂರಿನ ಮರಿಯವ್ವನ ಕಡತ ನೋಡಿ ಕಲೀರಿ," ಎಂದು ಕೊಟ್ಟೂರೇಶನಿಗೆ ಹೇಳಿದ. "ಒಂದು ದಿನ ಹಿಂದುಮುಂದು ಆಗಿಲ್ಲ. ಇದನ್ನ ಯಾರು ನೋಡ್ಕೊಳ್ತಾರ್ರಿ?"

"ರೇವಣ್ಣಾರು ರೀ. ನನ್ನ ಕೈಗೇ ಕೊಡಂಗಿಲ್ಲ ಅವರು."

ರೇವಣ್ಣ ತಲೆ ತಗ್ಗಿಸಿ ಕೂತಿದ್ದ. ಹದಿನೆಂಟು ವರ್ಷದಲ್ಲಿ ತನ್ನ ಕೆಲಸವನ್ನು ಒಬ್ಬರು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲ ಸಲ. ಹೊಗಳಿಸಿಕೊಂಡದ್ದು ಕಳ್ಳ ಕಡತ. ನಿಯತ್ತಿನ ಕಡತಗಳನ್ನು ಯಾವ ಬೋಳಿಮಗನೂ ತೆರೆದು ನೋಡಿರಲಿಲ್ಲ.

ಹದಿನಾಲ್ಕು ತಿಂಗಳಾಯಿತು. ಎರಡು ಲಕ್ಷ ದಾಟಿತು. ಒಂದು ಬುಧವಾರ ಹನ್ನೊಂದರ ಹೊತ್ತಿಗೆ ಕೊಟ್ಟೂರೇಶ್ ಬಾಗಿಲಲ್ಲಿ ಇಣುಕಿದ.

"ರೇವಣ್ಣಾರ, ಕೊಕ್ಕನೂರಿನ ಕಡತ ತಗೊಂಡು ಬರಬೇಕಂತೆ. ಮಾವ ಕರೀತಾರೆ."

ರೇವಣ್ಣ ಗಾಬರಿಯಾಗಲಿಲ್ಲ. ಕಡತದಲ್ಲಿ ಯಾರೂ ಏನೂ ಹಿಡಿಯಲಾರರೆಂದು ಆಡಿಟರೇ ಹೇಳಿ ಹೋಗಿದ್ದ. ಅಂಗಿಯ ತೋಳು ಸರಿ ಮಾಡಿಕೊಂಡು, ಕಡತ ಕಂಕುಳಲ್ಲಿಟ್ಟುಕೊಂಡು ಹೋದ.

ಕೋಣೆಯಲ್ಲಿ ವಾಮದೇವಪ್ಪನವರ ಎದುರಿನ ಕುರ್ಚಿಯ ತುದಿಯಲ್ಲಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು ಮರಿಯವ್ವ ಕೂತಿದ್ದಳು. ವಾಮದೇವಪ್ಪನವರ ಕೈಯಲ್ಲಿ ಒಂದು ಕಾಗದವಿತ್ತು: ಈ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಎರಡು ಲಕ್ಷ ಹದಿನಾರು ಸಾವಿರ ಸಂಬಳ ಇರುವುದರಿಂದ ಈಕೆಯ ಬಿ.ಪಿ.ಎಲ್. ರೇಷನ್ ಕಾರ್ಡು ರದ್ದು. "ಎರಡು ತಿಂಗ್ಳಾತ್ರಿ ಸಾಹೇಬ್ರ, ಅಕ್ಕಿ ನಿಂತೈತೆ," ಅವಳು ಹೇಳುತ್ತಿದ್ದಳು. "ಯಾಕ ಅಂದ್ರೆ, ನಿನಗ ದಾವಣಗೇರ್ಯಾಗ ನೌಕ್ರಿ ಐತೆ, ತಿಂಗಳು ತಿಂಗಳು ಪಿ.ಎಫ್. ಕಟ್ತಾರೆ, ಕಂಪ್ಯೂಟರ್‌ನ್ಯಾಗ ಬಂದೈತೆ ಅಂತಾರ್ರಿ." ಆಡಿಟರು, ಬ್ಯಾಂಕು, ಬೆರಳು, ವಯಸ್ಸು ಎಲ್ಲವನ್ನೂ ಅಳೆದ ರೇವಣ್ಣ, ಪಿ.ಎಫ್. ಬಂದ ಮನೆಗೆ ಬಡವರ ಅಕ್ಕಿ ಬರುವುದಿಲ್ಲ ಎಂಬುದನ್ನು ಅಂದಾಜಿಗೆ ಹಿಡಿದಿರಲಿಲ್ಲ. ಅವನನ್ನು ಕಂಡದ್ದೇ ಮರಿಯವ್ವನ ಮುಖ ಅರಳಿತು. "ಬಂದ ನೋಡ್ರಿ, ನನ್ನ ಕಾರ್ಡ್ ಇಸ್ಕೊಂಡು ಹೋದಾವ ಇವನೇ," ಎಂದು ಸಾಹೇಬರಿಗೆ ಹೇಳಿ, ಅವನ ಕಡೆ ತಿರುಗಿ, ನಾಚಿಕೊಂಡು ದನಿ ತಗ್ಗಿಸಿದಳು: "ಅಲ್ಲೋ ರೇವಣ್ಣ, ನೌಕ್ರಿ ಕೊಡಿಸಿದ್ದು ದೊಡ್ಡದಾತು. ನನಗ ಒಂದು ಮಾತು ಹೇಳಬಾರ್ದಿತ್ತೇನೋ? ಹದಿನಾಲ್ಕು ತಿಂಗಳಿಂದ ಒಂದಿನಾನೂ ಕೆಲಸಕ್ಕೆ ಬಂದಿಲ್ಲ ನಾನು, ಇವರು ಏನು ತಿಳ್ಕೊಂಡಾರು!"