ಅತಿಯಾಗಿ ಬೆಂದ ಪಾಸ್ತಾ

ಮದುವೆಯಾಗಿರಬೇಕು... ಇಲ್ಲದಿದ್ದರೆ, ಒಂದು ತುತ್ತನ್ನೂ ಬಾಯಿಗಿಡದೆ ಮಾಡಿದ್ದನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಹೋಗುವ ಗಂಡಸು ಎಲ್ಲಿದ್ದಾನೆ? ಆದರೆ ಮದುವೆಯಾದವನು ಈರುಳ್ಳಿ ಹೆಚ್ಚುತ್ತಾ ತನ್ನನ್ನೇಕೆ ಹಾಗೆ ನೋಡಬೇಕು?

ಅಕ್ಕನ ಮನೆಯ ಮಹಡಿಯಲ್ಲಿ ದೇಶ ದೇಶದ ಸುಲಭ ಅಡುಗೆ ಕಲಿಸುವ ಅವಳಿಗೆ, ಈ ಬೀಗ ರಿಪೇರಿಯವನು ಶಿಷ್ಯನಾದಂದಿನಿಂದ ಇದೇ ಚಿಂತೆ. ಕೆಟ್ಟ ಬೀಗ ಸರಿಮಾಡಲು ಬಂದವನು, ಒಲೆಯ ಮೇಲಿನ ಟೊಮೆಟೊ ಸಾಸ್‌ನ ಪರಿಮಳಕ್ಕೆ ತಲೆಯೆತ್ತಿದ್ದ. ನೋಟ ಅವಳ ಮುಖದಲ್ಲೇ ನಿಂತುಬಿಟ್ಟಿತ್ತು.

"ನನ್ನನ್ನೂ ಸೇರಿಸ್ಕೋತೀರಾ?"

ಕೈ ಚುರುಕು, ಮಾತು ಕಡಿಮೆ. ದೋಷ ಒಂದೇ, ಏನು ಕಲಿಸಿದರೂ ಕರಗುವಂತೆ ಬೇಯಿಸುತ್ತಿದ್ದ. ಮೆಕ್ಸಿಕೋದ ಬೀನ್ಸ್ ಹಿಟ್ಟಾಯಿತು. ಜಪಾನಿನ ನೂಡಲ್ಸ್ ಅಂಟಾಯಿತು.

"ಕಬ್ಬಿಣ ಕಾಯಿಸಿದ ಹಾಗೆ ಕಾಯಿಸ್ತಾನಲ್ಲೇ," ಎಂದು ಅಕ್ಕ ನಗುತ್ತಿದ್ದಳು. "ಆ ಡಬ್ಬಿ ತಿನ್ನೋ ಪುಣ್ಯಾತ್ಗಿತ್ತಿ ಯಾರೋ."

"ಹೋಗಿ ಕೇಳ್ಕೊಂಡು ಬಾ."

"ನಂಗ್ಯಾಕೆ? ನಿದ್ದೆ ಕೆಟ್ಟಿರೋದು ನಿಂಗೆ."

ಪಾಸ್ತಾ ಕಲಿಸಿದ ದಿನ ಅವಳು ಒಲೆ ಆರಿಸಿದಳು. ಅವನು ಮತ್ತೆ ಹಚ್ಚಿದ. ಪುನಃ ಆರಿಸಿದಳು. ಪುನಃ ಹಚ್ಚಿದ.

"ಇದು ಪಾಸ್ತಾ ಅಲ್ಲ, ಗೋಡೆಗೆ ಹಚ್ಚೋ ಗಾರೆ. ನನ್ನ ಹೆಸರು ಹೇಳಿ ಇದನ್ನ ಯಾರಿಗೂ ತಿನ್ನಿಸ್ಬೇಡಿ."

ಅಷ್ಟೂ ಪಾಸ್ತಾವನ್ನು ಕಸಕ್ಕೆ ಸುರಿದಳು. ಅವನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಮೆಟ್ಟಿಲಿಳಿದ.

ಬೈದಿದ್ದರೂ ಚೆನ್ನಾಗಿತ್ತು... ಆ ಮನೆಯಲ್ಲಿ ಯಾರೋ ಕಾದು ಕುಳಿತಿರಬಹುದಲ್ಲವೇ? ಹೆಂಡತಿಯೇ ಇರಲಿ, ಹಸಿವು ಹಸಿವೇ.

ಹದವಾಗಿ ಹೊಸ ಪಾಸ್ತಾ ಬೇಯಿಸಿ, ಅವನ ಅಂಗಡಿಯ ಹಿಂದಿನ ಮನೆಗೆ ಹೋದಳು. ಬಾಗಿಲು ತೆರೆದಿತ್ತು. ಮಂಚದ ಮೇಲೆ ಒಬ್ಬ ಮುದುಕರು ದಿಂಬಿಗೊರಗಿ ಕುಳಿತಿದ್ದರು.

"ಟೀಚರ್ ಅಲ್ವಾ? ಬಾ ತಾಯಿ. ಮಗ ಹಾಲು ತರೋಕೆ ಹೋಗಿದ್ದಾನೆ."

ಮನೆಯಲ್ಲಿ ಬೇರೆ ಯಾರ ಸುಳಿವೂ ಇರಲಿಲ್ಲ. ಮುದುಕರು ಡಬ್ಬಿ ತೆರೆದು, ಒಂದು ತುಂಡನ್ನು ಬಾಯಿಗಿಟ್ಟು, ಈ ದವಡೆಯಿಂದ ಆ ದವಡೆಗೆ ಹೊರಳಿಸಿದರು.

"ಹದ ಅಂದ್ರೆ ಹದ. ಜೊತೆಗೆ ಒಂದಿಷ್ಟು ಹಲ್ಲೂ ಸಾಲ ಕೊಟ್ಟುಬಿಡು."

ಅವಳ ಮುಖ ಬಿಳಿಚಿತು. ಬೀನ್ಸ್, ನೂಡಲ್ಸ್, ಕಸಕ್ಕೆ ಸುರಿದ ಪಾಸ್ತಾ...

"ಒಂದು ಮಾತು ಹೇಳಬಹುದಿತ್ತಲ್ಲ ನಿಮ್ಮ ಮಗ?"

"ಬೀಗಕ್ಕಾದ್ರೂ ಕೀ ಇರತ್ತೆ, ಇವನ ಬಾಯಿಗೆ ಅದೂ ಇಲ್ಲ." ಮುದುಕರು ಬೊಚ್ಚುಬಾಯಿ ತೆರೆದು ನಕ್ಕರು. "ನಾನು ಹಡಗಿನ ಅಡುಗೆಯವನಮ್ಮಾ. ಬಂದರು ಬಂದರಿನ ಊಟ ಬೇಯಿಸಿದೋನು. ಇವನಿಗೆ ಮೀಸೆ ಬರೋ ಮೊದಲೇ ಎಲ್ಲಾ ಕಲಿಸಿದ್ದೆ. ಬೇಜಾರು ಮಾಡ್ಕೋಬೇಡ, ಪಾಸ್ತಾ ನಿನಗಿಂತ ಚೆನ್ನಾಗಿ ಮಾಡ್ತಾನೆ."

"ಹಾಗಾದ್ರೆ... ನನ್ನ ಹತ್ರ ಕಲಿಯೋಕೆ ಯಾಕೆ ಬಂದ್ರು?"

"ಅದನ್ನ ಅವನನ್ನೇ ಕೇಳು."

ಹಾಲು ಹಿಡಿದು ಬಂದವನಿಗೆ ಅವಳು ತನ್ನ ಒಲೆಯ ಮುಂದೆ ಕಂಡಳು. ಪಾಸ್ತಾ ಮತ್ತೆ ಕುದಿಯುತ್ತಿತ್ತು.

"ತಪ್ಪಾಯ್ತು," ಎಂದಳು, ತಿರುಗದೆ. "ಹಾಲು ಸುರೀರಿ. ಇನ್ನೂ ಮೆತ್ತಗಾಗ್ಲಿ."

ಸುರಿದ. ಕಣ್ಣು ಅವಳ ಮೇಲೇ ಇದ್ದುದರಿಂದ ಅರ್ಧ ಒಲೆಗೆ ಚೆಲ್ಲಿತು.

"ನಾಳೆಯಿಂದ ನೀವು ಕಲಿಸಿ. ನಾನು ಕಲೀತೀನಿ."

"ಎಷ್ಟು ದಿನ ಬರ್ತೀರಾ?"

"ನಂಗೆ ಬೇಗ ತಲೆಗೆ ಹತ್ತಲ್ಲ... ವಾಪಸ್ ಹೋಗದೆ ಇದ್ರೆ ಏನ್ಮಾಡ್ತೀರಾ?"

ಅವನು ಒಲೆಯ ಉರಿ ತಗ್ಗಿಸಿ, ಅವಳ ಪಕ್ಕಕ್ಕೆ ಬಂದು ನಿಂತ.

"ಬೀಗ ಬದಲಾಯಿಸ್ತೀನಿ. ಎರಡು ಕೀ ಇರೋದು."

ಅಡುಗೆ ಕಲಿಯಲು ಯಾಕೆ ಸೇರಿದೆ ಎಂಬುದನ್ನು ಅವನು ಅಂದು ಹೇಳಲಿಲ್ಲ, ಮದುವೆಯಾದ ಮೇಲೂ ಹೇಳಲಿಲ್ಲ.